ಫೋಟೊಗ್ರಾಫರ್‌ಗೆ ಜೈಲಿನ ದಾರಿ ಹತ್ತಿರ, ದುಡ್ಡಿನ ದಾರಿ ದೂರ

ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯ (ಡಿಪಿಐಐಟಿ) ಸಮಿತಿ 2025ರ ಡಿಸೆಂಬರ್‌ನಲ್ಲಿ ಮುಂದಿಟ್ಟ ಎಐ ರಾಯಧನದ ಪ್ರಸ್ತಾವ ಪರ-ವಿರೋಧದ ಲೇಖನಗಳಿಗೆ ದಾರಿ ಮಾಡಿತು. ಅಂತರ್ಜಾಲದ ಚಿತ್ರ, ಬರಹಗಳನ್ನು ಬಳಸಿಕೊಳ್ಳುವ ಎಐ ಕಂಪನಿಗಳು ರಾಯಧನ ಕಟ್ಟಬೇಕೆನ್ನುವುದು ಅದರ ತಿರುಳು. ಕಟ್ಟಲಿ. ಆದರೆ ಬೆಳಗಾವಿ ಜಿಲ್ಲೆಯ ಹಲಸಿಯ ಭೂವರಾಹ ನರಸಿಂಹ ಗುಡಿಯ ಫೋಟೊ ತೆಗೆದ ಖಾನಾಪುರದ ಹುಡುಗನಿಗೆ ಆಗುತ್ತಿರುವ ನಷ್ಟಕ್ಕೆ ಕಾರಣ ಎಲ್ಲೋ ಇರುವ ಯಂತ್ರವಷ್ಟೇ ಅಲ್ಲ. ಕೇಳದೆ ಹೇಳದೆ ಅವನ ಚಿತ್ರವನ್ನು ತಮ್ಮ ಪುಟಕ್ಕೆ ಹಾಕಿಕೊಳ್ಳುವ ಹೋಂಸ್ಟೇ, ರೆಸಾರ್ಟ್, ಟ್ರಾವೆಲ್ಸ್‌ನವರೂ ಕಾರಣ. ಅವನಿಗೆ ಹೊಸ ಹಕ್ಕು ಬೇಕಿಲ್ಲ. ಇರುವ ಹಕ್ಕಿನ ಬಾಕಿ ವಸೂಲಿಗೆ ತಾಲ್ಲೂಕಿನಲ್ಲೇ ಒಂದು ಕೋರ್ಟು ಬೇಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 62(1)ನೇ ಸೆಕ್ಷನ್ ಬದಲಾಗದೆ ಅದು ಸಿಗುವುದಿಲ್ಲ.

ವ್ಯಾಪಾರಿಗಳ ವಾದ ಎಲ್ಲೆಡೆ ಒಂದೇ: ಗುಡಿ ಕದಂಬರ ಕಾಲದ್ದು, ಫೋಟೊ ಗೂಗಲ್‌ನಲ್ಲಿ ಸಿಕ್ಕಿತು. ಗುಡಿ ಎಲ್ಲರದು, ನಿಜ. ಇಂದು ಕಟ್ಟಿದ ಕಟ್ಟಡವನ್ನೂ ಫೋಟೊ ತೆಗೆಯಲು 52ನೇ ಸೆಕ್ಷನ್ ಬಿಡುತ್ತದೆ. ಆದರೆ ಫೋಟೊ ತೆಗೆದವನದು. ನೋಂದಣಿ ಬೇಡ, ಚಿತ್ರದ ಮೂಲೆಯಲ್ಲಿ ಹೆಸರೂ ಬೇಡ. 2012ರ ತಿದ್ದುಪಡಿಯ ನಂತರ ಅವನ ಜೀವಮಾನ ಮತ್ತು ಆಮೇಲಿನ 60 ವರ್ಷ ಆ ಹಕ್ಕು ಉಳಿಯುತ್ತದೆ. ರೆಸಾರ್ಟಿನವರೇ ಹಣ ಕೊಟ್ಟು ಕರೆಸಿ ತೆಗೆಸಿದ್ದರೆ ಮಾತು ಬೇರೆ. ಬೇರೆ ಕರಾರಿಲ್ಲದಿದ್ದರೆ 17ನೇ ಸೆಕ್ಷನ್ ಪ್ರಕಾರ ಹಕ್ಕು ಹಣ ಕೊಟ್ಟವರದು. ಇದು ಗೊತ್ತಿಲ್ಲದೆ ಮೋಸಹೋಗುವ ಫೋಟೊಗ್ರಾಫರ್‌ಗಳೂ ಇದ್ದಾರೆ.

ಈಗ ಯಾರೂ ಎತ್ತದ ಮಾತಿಗೆ ಬರೋಣ. ಗೊತ್ತಿದ್ದೂ ಉಲ್ಲಂಘಿಸಿದವರಿಗೆ 63ನೇ ಸೆಕ್ಷನ್ ಅಡಿ ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ ಜೈಲು. 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಕನಿಷ್ಠ ಶಿಕ್ಷೆ ತಗ್ಗಿಸುವ ಅವಕಾಶ ಇರುವುದು ವ್ಯಾಪಾರದ ಲಾಭಕ್ಕಲ್ಲದೆ ಮಾಡಿದವರಿಗೆ ಮಾತ್ರ. ಹೋಂಸ್ಟೇ ಜಾಹೀರಾತು ಆ ರಿಯಾಯಿತಿಯ ಹೊರಗೆ. ಈ ಅಪರಾಧ ಸಂಜ್ಞೇಯ (ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದದ್ದು), ಜಾಮೀನುರಹಿತ ಎಂದು ಸುಪ್ರೀಂ ಕೋರ್ಟ್ ನಿಟ್ ಪ್ರೊ ಪ್ರಕರಣದಲ್ಲಿ 2022ರ ಮೇ 20ರಂದು ಹೇಳಿದೆ. ವಿಚಾರಣೆಗೆ 70ನೇ ಸೆಕ್ಷನ್ ಪ್ರಕಾರ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ (ಜೆಎಂಎಫ್‌ಸಿ) ಕೋರ್ಟ್ ಸಾಕು. ಅದು ಖಾನಾಪುರದಲ್ಲೇ ಇದೆ. ಆದರೆ ಜೈಲು ಬೇಡ, ನನ್ನ ಚಿತ್ರದ ಮೂರು ಸಾವಿರ ರೂಪಾಯಿ ಕೊಡಿಸಿ ಎನ್ನುವವನು ದಾವೆ ಹೂಡಬೇಕಾದದ್ದು ಜಿಲ್ಲಾ ನ್ಯಾಯಾಲಯದಲ್ಲಿ, ಬೆಳಗಾವಿಯಲ್ಲಿ. 62(1) ಅದಕ್ಕಿಂತ ಕೆಳಗಿನ ಕೋರ್ಟಿಗೆ ಆ ಅಧಿಕಾರವನ್ನೇ ಕೊಟ್ಟಿಲ್ಲ.

ಯಾವ ಫೋಟೊಗ್ರಾಫರ್‌ಗೂ ಪಕ್ಕದೂರಿನವರನ್ನು ಜೈಲಿಗೆ ಕಳಿಸುವ ಆಸೆ ಇರುವುದಿಲ್ಲ. ನಾಳೆ ಅದೇ ಮನೆಯ ಮದುವೆಗೆ ಕ್ಯಾಮೆರಾ ಹಿಡಿದು ಹೋಗಬೇಕು. ಮೂರು ಸಾವಿರದ ಬಾಕಿಗೆ ಜಿಲ್ಲಾ ಕೋರ್ಟಿನ ವಕೀಲರ ಫೀ ಕಟ್ಟಿದರೆ ಕೈಯಿಂದಲೇ ಹೋಗುತ್ತದೆ. ಎದುರಾಳಿ ಗೋವಾದಲ್ಲಿದ್ದರೂ ತನ್ನ ಜಿಲ್ಲೆಯಲ್ಲೇ ದಾವೆ ಹೂಡಬಹುದು ಎಂಬ 62(2)ರ ಅನುಕೂಲ ದೊಡ್ಡದೇ. ಖರ್ಚು ಮಾತ್ರ ಇಳಿಯುವುದಿಲ್ಲ. ಹೀಗಾಗಿ ಅವನು ಸುಮ್ಮನಾಗುತ್ತಾನೆ, ಕದ್ದವರು ಇನ್ನೂ ನಾಲ್ಕು ಚಿತ್ರ ಎತ್ತಿಕೊಳ್ಳುತ್ತಾರೆ.

ಸಣ್ಣ ಕೋರ್ಟು ಬಂದರೆ ಸಣ್ಣ ವ್ಯಾಪಾರಿಗಳಿಗೆ ಕಿರುಕುಳ ಹೆಚ್ಚುತ್ತದೆ ಎಂಬ ಆಕ್ಷೇಪ ಬರುತ್ತದೆ. ನಾನು ಒಪ್ಪುವುದಿಲ್ಲ. ಕಿರುಕುಳ ಹುಟ್ಟುವುದೇ ಬಾಕಿಗೆ ಮಿತಿ ಇಲ್ಲದಿರುವುದರಿಂದ. ಕೆಲವು ಸೆಕೆಂಡುಗಳ ದೃಶ್ಯಕ್ಕೆ ಎಎನ್‌ಐ ಸುದ್ದಿಸಂಸ್ಥೆ ಲಕ್ಷಗಟ್ಟಲೆ ಕೇಳಿತು ಎಂದು 2025ರ ಮೇ ತಿಂಗಳಲ್ಲಿ ಯೂಟ್ಯೂಬರ್‌ಗಳು ದೂರಿದ್ದು ನೆನಪಿರಬೇಕು. ಜೈಲಿನ ಹೆದರಿಕೆ ಹಾಕಿ ಯಾರಾದರೂ ಹಾಗೆ ನೋಟಿಸ್ ಕಳಿಸಿದರೆ ಹಲಸಿಯ ಹೋಂಸ್ಟೇ ಮಾಲೀಕ ಯಾರನ್ನು ಕೇಳಬೇಕು? ಅಮೆರಿಕದಲ್ಲಿ 2022ರಿಂದ ಹಕ್ಕುಸ್ವಾಮ್ಯದ ಸಣ್ಣ ದಾವೆಗಳಿಗೆಂದೇ ಒಂದು ಮಂಡಳಿ ಕೆಲಸ ಮಾಡುತ್ತಿದೆ. ಅಲ್ಲಿ ಸಿಗಬಹುದಾದ ಪರಿಹಾರದ ಮಿತಿ 30 ಸಾವಿರ ಡಾಲರ್. ಪ್ರತಿವಾದಿ ಅದರಿಂದ ಹೊರಗುಳಿಯಬಹುದು ಎಂಬುದು ಅದರ ದೌರ್ಬಲ್ಯ. ಲಂಡನ್ನಿನ ಬೌದ್ಧಿಕ ಆಸ್ತಿ ನ್ಯಾಯಾಲಯದ ಸಣ್ಣ ದಾವೆ ವಿಭಾಗದ ಮಿತಿ 10 ಸಾವಿರ ಪೌಂಡ್. ನಮ್ಮಲ್ಲೂ ಒಂದು ಮೊತ್ತದವರೆಗಿನ ಫೋಟೊ ಬಾಕಿಯನ್ನು ತಾಲ್ಲೂಕಿನ ಸಿವಿಲ್ ನ್ಯಾಯಾಧೀಶರೇ ವಿಚಾರಿಸುವಂತೆ 62ಕ್ಕೆ ಒಂದು ಉಪಸೆಕ್ಷನ್ ಸೇರಿಸಿದರೆ ಸಾಕು. ಕದಿಯದ ವ್ಯಾಪಾರಿಗೂ ಅದೇ ರಕ್ಷಣೆ.

ಅಲ್ಲಿಯವರೆಗೆ ವ್ಯಾಪಾರಿಗಳು ಕೇಳಿ ಬಳಸಲಿ. ಪರವಾನಗಿ ಬರಹದಲ್ಲಿರಬೇಕೆಂದು 30ನೇ ಸೆಕ್ಷನ್ ಹೇಳುತ್ತದೆ. ಫೋನಿನಲ್ಲಿ ‘ಹಾಕ್ಕೊಳ್ರಿ’ ಎಂದದ್ದು ಸಾಲದು. ಯಾವ ಚಿತ್ರ, ಎಲ್ಲಿ, ಎಷ್ಟು ದಿನ, ಎಷ್ಟು ಹಣ ಎಂದು ಇಮೇಲ್‌ನಲ್ಲಾದರೂ ಬರೆಸಿಕೊಳ್ಳಿ. ವಿಕಿಮೀಡಿಯ ಕಾಮನ್ಸ್‌ನ ಚಿತ್ರವಾದರೆ ಹಣ ಬೇಡ, ಆದರೆ ಹೆಚ್ಚಿನವುಗಳ ಜೊತೆ ತೆಗೆದವರ ಹೆಸರು, ಪರವಾನಗಿಯ ವಿವರ ಹಾಕಲೇಬೇಕು. ಇನ್ನು ನೀವು ಬರೆಸಿಕೊಂಡ ಪರವಾನಗಿಯಲ್ಲಿ ಅವಧಿ ಬರೆಯದೆ ಬಿಟ್ಟರೆ ಕಾಯ್ದೆ ಅದನ್ನು 5 ವರ್ಷ ಎಂದೇ ಎಣಿಸುತ್ತದೆ. 2020ರಲ್ಲಿ ಹಾಗೆ ಅನುಮತಿ ಪಡೆದ ಚಿತ್ರ ಈಗಲೂ ನಿಮ್ಮ ಬುಕಿಂಗ್ ಪುಟದಲ್ಲಿದ್ದರೆ, ಆ ಅನುಮತಿ 2025ರಲ್ಲೇ ಮುಗಿದಿದೆ.