ಒದ್ದೆ ನೆಲದ ಫಲಕಕ್ಕೂ ಕನ್ನಡ ಬೇಕು

ಭಾಷಾ ಅಲ್ಪಸಂಖ್ಯಾತರ ಹಕ್ಕು ಎಂದೊಡನೆ ನಾವು ಪಠ್ಯಪುಸ್ತಕ, ಅಧ್ಯಾಪಕರ ನೇಮಕಾತಿ, ಅರ್ಜಿ ನಮೂನೆಗಳ ಮಾತೆತ್ತುತ್ತೇವೆ. ಆಸ್ಪತ್ರೆಯ ವರಾಂಡದಲ್ಲಿ ನೆಲ ಒರಸಿದ ಮೇಲೆ ಇಡುವ ಹಳದಿ ಫಲಕ ಆ ಪಟ್ಟಿಗೆ ಸೇರಿಲ್ಲ. ಸೇರಬೇಕೆಂಬುದು ನನ್ನ ಅಭಿಪ್ರಾಯ.

ಕಾಸರಗೋಡಿನಲ್ಲಿ ಜೂನ್ ತಿಂಗಳಲ್ಲಿ ಹಿಡಿದ ಮಳೆ ಸುಲಭದಲ್ಲಿ ಬಿಡುವುದಿಲ್ಲ. ಹಿಂದೆ ಕಚೇರಿಗಳಿಗೆ ಒರಟು ಸಿಮೆಂಟಿನ ನೆಲವಿತ್ತು. ಈಗ ಎಲ್ಲೆಡೆ ನುಣುಪಾದ ಟೈಲ್ಸ್. ಕೊಡೆಯಿಂದ ಸೋರಿದ ನಾಲ್ಕು ಹನಿ ಸಾಕು. ಮಕ್ಕಳು ಬಿದ್ದರೆ ಎದ್ದು ಓಡುತ್ತಾರೆ. ಎಪ್ಪತ್ತು ದಾಟಿದ ಅಜ್ಜಿ ಸೊಂಟದ ಎಲುಬು ಮುರಿದುಕೊಂಡರೆ ಮತ್ತೆ ಮೊದಲಿನಂತೆ ನಡೆಯುವುದು ಕಷ್ಟ. ಪಿಂಚಣಿಗೂ ಮದ್ದಿಗೂ ಹೆಚ್ಚು ಅಲೆಯುವವರು ಇಂಥವರೇ ತಾನೆ? ಅಲ್ಲಿ ನಾನು ಕಂಡ ಫಲಕಗಳಲ್ಲಿರುವುದು ಇಂಗ್ಲಿಷು, ಹೆಚ್ಚೆಂದರೆ ಮಲಯಾಳ.

'ನಿಮಗೆಲ್ಲ ಮಲಯಾಳ ಬರುತ್ತದಲ್ಲ' ಎನ್ನುವವರಿದ್ದಾರೆ. ಬರುತ್ತದೆ, ಪೇಟೆಯಲ್ಲಿ, ಬಸ್ಸಿನಲ್ಲಿ ಆಡುತ್ತೇವೆ. ಆದರೆ ಕೇಳಿ ತಿಳಿಯುವುದು ಬೇರೆ, ಲಿಪಿ ಓದುವುದು ಬೇರೆ. ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿಗೇ ಓದು ನಿಲ್ಲಿಸಿದ ಹಿರಿಯರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಚಿತ್ರವಿದ್ದರೆ ಸಾಲದೇ ಎಂಬುದು ಇನ್ನೊಂದು ವಾದ. ಜಾರಿ ಬೀಳುವ ಮನುಷ್ಯನ ಚಿತ್ರ ಬೇಕೇ ಬೇಕು. ಆದರೆ 'ಆಚೆ ಬದಿಯ ಮೆಟ್ಟಿಲಲ್ಲಿ ಹೋಗಿ' ಎಂದು ಹೇಳಲು ಅದಕ್ಕಾಗದು.

ವಿದ್ಯುತ್ ಇಲಾಖೆಯ ಅಪಾಯ ಫಲಕವನ್ನು ನೋಡಿ. 1956ರ ಭಾರತೀಯ ವಿದ್ಯುತ್ ನಿಯಮಗಳು ತಲೆಬುರುಡೆಯ ಚಿತ್ರದ ಜತೆಗೆ ಹಿಂದಿ ಅಥವಾ ಇಂಗ್ಲಿಷನ್ನೂ, ಜಿಲ್ಲೆಯ ಸ್ಥಳೀಯ ಭಾಷೆಯನ್ನೂ ಕೇಳಿದ್ದವು. ರಾಜ್ಯದ ಭಾಷೆ ಎನ್ನಲಿಲ್ಲ, ಜಿಲ್ಲೆಯದು ಎಂದವು. ನಾವು ಕೇರಳಕ್ಕೆ ಸೇರಿದ್ದೂ ಅದೇ ವರ್ಷ! ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಒಪ್ಪಿಕೊಂಡ ಸೂತ್ರಗಳಲ್ಲಿಯೂ, ಜಿಲ್ಲೆ ಅಥವಾ ತಾಲೂಕಿನ ಜನಸಂಖ್ಯೆಯ ಶೇಕಡಾ 15ರಷ್ಟು ಮಂದಿ ಆಡುವ ಭಾಷೆಯಲ್ಲಿ ಮುಖ್ಯ ಪ್ರಕಟಣೆಗಳು ಬರಬೇಕೆಂದಿದೆ. ಕಾಲು ಜಾರದಂತೆ ಎಚ್ಚರಿಸುವುದು ಮುಖ್ಯವಲ್ಲವೆಂದು ಯಾರು ಹೇಳಿಯಾರು?

ನಮ್ಮ ಶಾಲೆಗಳೂ ಸ್ವಲ್ಪ ಎಚ್ಚತ್ತುಕೊಳ್ಳಲಿ. ಮಧ್ಯಾಹ್ನ ಊಟದ ತಟ್ಟೆ ತೊಳೆಯುವ ನಳ್ಳಿಯ ಸುತ್ತ, ಪಾಚಿ ಕಟ್ಟಿದ ಮುರಕಲ್ಲಿನ ಮೆಟ್ಟಿಲ ಬಳಿ ಒಂದು ಹಲಗೆ ಇಟ್ಟು 'ಜಾರುತ್ತದೆ, ನಿಧಾನ' ಎಂದು ದಪ್ಪಕ್ಷರದಲ್ಲಿ ಬರೆಸಲು ಒಂದು ಡಬ್ಬಿ ಬಣ್ಣ ಸಾಕು. ನೆಲ ಒಣಗಿದೊಡನೆ ಹಲಗೆ ತೆಗೆಯಬೇಕು. ವರ್ಷವಿಡೀ ಅಲ್ಲೇ ನಿಂತರೆ ಯಾರೂ ಅದರತ್ತ ತಿರುಗಿ ನೋಡರು. ಪಾಚಿಯನ್ನು ಉಜ್ಜಿ ತೆಗೆಯುವುದನ್ನಂತೂ ಫಲಕ ತಪ್ಪಿಸದು.

ಸರಕಾರಿ ಕಟ್ಟಡಗಳ ವಿಷಯದಲ್ಲಿ ರಕ್ಷಕ-ಶಿಕ್ಷಕ ಸಂಘಗಳು ಪಂಚಾಯತಿಗೆ ಮನವಿ ಕೊಡಬಹುದು. ಸಂವಿಧಾನದ 350ನೆಯ ವಿಧಿಯಂತೆ ಮನವಿಯನ್ನು ಕನ್ನಡದಲ್ಲೇ ಬರೆಯಲು ಅಡ್ಡಿಯಿಲ್ಲ. ಯಾವ ಕಟ್ಟಡ, ಯಾವ ಮೆಟ್ಟಿಲು ಎಂದು ಸ್ಪಷ್ಟವಾಗಿ ತಿಳಿಸಿ, ಫಲಕದಲ್ಲಿರಬೇಕಾದ ಕನ್ನಡ ಸಾಲನ್ನು ನೀವೇ ಬರೆದು ಲಗತ್ತಿಸಿ. ಅವರ ಅನುವಾದಕ್ಕೆ ಬಿಟ್ಟರೆ ಏನಾಗುತ್ತದೆಂಬುದು ನಮಗೆಲ್ಲ ಗೊತ್ತೇ ಇದೆ.