ಗೋಡೆಗೆ ಬಣ್ಣ, ಕಿವಿಗೆ ರೇಡಿಯೊ

ಮನೆಗೆ ಬಣ್ಣ ಬಳಿಯುವವರು ಬಂದರೆಂದರೆ ಏಣಿ, ಡಬ್ಬ, ಕುಂಚ, ಉಪ್ಪುಕಾಗದ ಇಷ್ಟೇ ಬರುವುದಿಲ್ಲ. ಜೊತೆಗೊಂದು ರೇಡಿಯೊ ಕೂಡ ಬರುತ್ತದೆ. ಅದನ್ನು ನೋಡಿದ ಕೂಡಲೇ ಕಸುಬಿನವರ ರೇಡಿಯೊ ಎಂದು ಗೊತ್ತಾಗಬೇಕು: ಮೈತುಂಬ ಬಣ್ಣದ ಚುಕ್ಕೆ, ಆಂಟೆನಾ ಮುರಿದ ಜಾಗದಲ್ಲಿ ತಾಮ್ರದ ತಂತಿ, ಬ್ಯಾಟರಿಯ ಮುಚ್ಚಳ ಕಳೆದುಹೋಗಿ ಸುತ್ತಿದ ರಬ್ಬರ್ ಬ್ಯಾಂಡು. ಈಚೆಗೆ ಅದರ ಜಾಗಕ್ಕೆ ಬಹುಮಟ್ಟಿಗೆ ಮೊಬೈಲ್ ಬಂದಿದೆ. ದನಿ ಗಟ್ಟಿಯಾಗಲೆಂದು ಅದನ್ನು ಖಾಲಿ ಡಬ್ಬದೊಳಗೆ ನಿಲ್ಲಿಸುವ ಜಾಣತನವನ್ನು ನೀವೂ ನೋಡಿರಬಹುದು. ಬಡಗಿ, ಗಾರೆಯವರು, ಟೈಲ್ಸ್ ಕೂರಿಸುವವರು ಯಾರೇ ಬರಲಿ, ಕೆಲಸ ಶುರುವಾಗುವ ಮೊದಲು ಹಾಡು ಶುರುವಾಗುತ್ತದೆ.

ಕೂಡಲೇ ಮನೆಯಲ್ಲಿ ಎರಡು ದೂರುಗಳೂ ಶುರುವಾಗುತ್ತವೆ. ಒಂದು ಹಿರಿಯರದು: ‘ಇವರು ಕೆಲಸ ಮಾಡೋಕೆ ಬಂದಿದ್ದಾರೋ, ಹಾಡು ಕೇಳೋಕೆ ಬಂದಿದ್ದಾರೋ?’ ಇನ್ನೊಂದು ಹತ್ತನೇ ತರಗತಿಯ ಮಗಳದೋ ಮಗನದೋ: ‘ಅವರು ಹಾಡು ಕೇಳ್ತಾ ಕೆಲಸ ಮಾಡಬಹುದು, ನಾನು ಹಾಡು ಕೇಳ್ತಾ ಓದಬಾರದಾ?’ ಎರಡನ್ನೂ ಗದರಿಸಿ ಬಾಯಿ ಮುಚ್ಚಿಸಬಹುದು. ಆದರೆ ಎರಡಕ್ಕೂ ಉತ್ತರ ಇದೆ, ಮತ್ತು ಉತ್ತರಗಳು ಬೇರೆ ಬೇರೆ.

ಹಿರಿಯರ ದೂರನ್ನು ಮೊದಲು ನೋಡೋಣ. ದುಡಿಮೆಯೂ ಹಾಡೂ ನಮ್ಮಲ್ಲಿ ಒಟ್ಟಿಗೇ ಬೆಳೆದವು. ಬೀಸುವ ಪದ, ಕುಟ್ಟುವ ಪದ, ನಾಟಿಯ ಹಾಡು ಇವೆಲ್ಲ ಬಿಡುವಿನ ವೇಳೆಯ ಮನರಂಜನೆಯಾಗಿರಲಿಲ್ಲ. ಕಲ್ಲಿನ ಸುತ್ತಿಗೆ, ಒನಕೆಯ ಏರಿಳಿತಕ್ಕೆ ಹೊಂದಿಕೊಂಡು ಕೆಲಸದ ಒಳಗೇ ಇದ್ದವು. ಬೀಸುವ ಕೈಗೆ ದಾರಿ ಗೊತ್ತಿತ್ತು, ಬಾಯಿ ಬಿಡುವಾಗಿತ್ತು. ಕೇರಳದ ಕಣ್ಣೂರಿನಲ್ಲಿ 1969ರಲ್ಲಿ ಆರಂಭವಾದ ದಿನೇಶ್ ಬೀಡಿ ಸಹಕಾರ ಸಂಘದಲ್ಲಿ ಇದೇ ಬಿಡುವನ್ನು ಇನ್ನೊಂದು ರೀತಿ ಬಳಸಿಕೊಂಡರು. ಒಬ್ಬರು ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಉಳಿದವರು ಬೀಡಿ ಸುತ್ತುತ್ತ ಕೇಳುವುದು. ಎಲೆ ಸುತ್ತುವ ಬೆರಳು ಪತ್ರಿಕೆಯ ಸುದ್ದಿಗಾಗಿ ಕಾಯುತ್ತ ನಿಲ್ಲುವುದಿಲ್ಲವಷ್ಟೆ.

ಇನ್ನೊಬ್ಬರ ಮನೆಯ ಖಾಲಿ ಕೋಣೆಯಲ್ಲಿ ಒಂಟಿಯಾಗಿ ಗೋಡೆ ಉಜ್ಜುವವರ ಜೊತೆಗೆ ಬೀಸುಕಲ್ಲಿನ ಎದುರು ಕೂತ ಗೆಳತಿಯೂ ಇಲ್ಲ, ಪತ್ರಿಕೆ ಓದುವ ಸಂಗಾತಿಯೂ ಇಲ್ಲ. ಇರುವುದು ಆ ರೇಡಿಯೊ ಒಂದೇ. ಅದೂ ಅವರ ಕೈಗೆ ಸುಲಭವಾಗಿ ಬಂದದ್ದಲ್ಲ. ವಾಲ್ವ್ ರೇಡಿಯೊ ಕಾಲದಲ್ಲಿ ರೇಡಿಯೊ ಎಂದರೆ ಯಜಮಾನರ ಆಸ್ತಿ. ನಡುಮನೆಯ ಗೂಡಿನಲ್ಲಿ ಕಸೂತಿಯ ಬಟ್ಟೆ ಹೊದ್ದು ಕೂತಿರುತ್ತಿತ್ತು. ಅದನ್ನು ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು, ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಬೇಕಿತ್ತು. ಮನೆಯ ಮಕ್ಕಳೇ ಅದರ ಕಿವಿ ತಿರುಗಿಸುವಂತಿರಲಿಲ್ಲ. ಕೆಲಸಕ್ಕೆ ಬಂದವರು ಯಜಮಾನರು ಹಾಕಿದ್ದನ್ನು ದೂರದಿಂದ ಕೇಳಿಸಿಕೊಂಡರೆ ಅದೇ ಭಾಗ್ಯ. 1954ರಲ್ಲಿ ಅಮೆರಿಕದಲ್ಲಿ ಮೊದಲ ಟ್ರಾನ್ಸಿಸ್ಟರ್ ರೇಡಿಯೊ ಮಾರಾಟಕ್ಕೆ ಬಂತು. 1957ರ ಅಕ್ಟೋಬರ್‌ನಲ್ಲಿ ನಮ್ಮಲ್ಲಿ ವಿವಿಧ ಭಾರತಿ ಶುರುವಾಯಿತು. ಮುಂದೆ ಟ್ರಾನ್ಸಿಸ್ಟರ್ ಅಗ್ಗವಾಗುತ್ತ ಬಂದಂತೆ ಕೈಯಲ್ಲಿ ಹಿಡಿದು ಒಯ್ಯುವ ಪೆಟ್ಟಿಗೆ, ಅದರ ತುಂಬ ಚಿತ್ರಗೀತೆ! ರೇಡಿಯೊ ಯಜಮಾನರ ಗೂಡಿನಿಂದ ಇಳಿದು ಕೆಲಸಗಾರರ ಚೀಲ ಸೇರಿತು. ನಮ್ಮ ನಡುಮನೆಯಲ್ಲಿ ಕೇಳುವ ಆ ಹಾಡನ್ನು ಆರಿಸಿದವರು ಅವರು, ಬ್ಯಾಟರಿಗೆ ದುಡ್ಡು ಕೊಟ್ಟವರೂ ಅವರು. ಕೆಲವರಿಗೆ ಕಿರಿಕಿರಿಯಾಗುವುದು ಹಾಡಿನಿಂದಲೋ ಇದರಿಂದಲೋ ಎಂಬ ಗುಮಾನಿ ನನಗಿದೆ.

ಹಾಡು ಕೇಳಿದರೆ ಕೆಲಸ ನಿಧಾನವಾಗುತ್ತದೆಯೇ? ಎರಡನೇ ಮಹಾಯುದ್ಧದ ನಡುವೆ, ಒಂದು ಗಳಿಗೆಯೂ ಪೋಲಾಗಬಾರದೆಂಬ ಹೊತ್ತಿನಲ್ಲಿ, ಬ್ರಿಟನ್ನಿನವರು ಮಾಡಿದ್ದನ್ನು ನೋಡಿ. 1940ರ ಜೂನ್ 23ರಂದು ಬಿಬಿಸಿ ‘ಮ್ಯೂಸಿಕ್ ವೈಲ್ ಯು ವರ್ಕ್’ ಎಂಬ ಕಾರ್ಯಕ್ರಮ ಶುರುಮಾಡಿತು. ಕಾರ್ಖಾನೆಗಳಲ್ಲಿ ಧ್ವನಿವರ್ಧಕ ಹಾಕಿ ಬೆಳಿಗ್ಗೆ ಅರ್ಧ ಗಂಟೆ, ಮಧ್ಯಾಹ್ನ ಅರ್ಧ ಗಂಟೆ ಸಂಗೀತ. ಅದಕ್ಕೆ ನಿಯಮಗಳೂ ಇದ್ದವು. ದನಿ ಒಮ್ಮೆ ಏರಿ ಒಮ್ಮೆ ಇಳಿಯಬಾರದು, ಯಂತ್ರಗಳ ಸದ್ದಿನಲ್ಲಿ ಮುಳುಗಿಹೋಗುತ್ತದೆ, ಲಯ ಎಳೆದಾಡಬಾರದು, ನಡುವೆ ಮಾತು ಕಡಿಮೆ. ಟೆಕ್ಸಾಸ್ ಬಗ್ಗೆ ಇದ್ದ ಒಂದು ಜನಪ್ರಿಯ ಅಮೆರಿಕನ್ ಹಾಡನ್ನು ಹೊರಗಿಟ್ಟರು. ಏಕೆಂದರೆ ಅದರಲ್ಲಿ ಚಪ್ಪಾಳೆ ತಟ್ಟುವ ಜಾಗವಿತ್ತು. ಕೆಲಸಗಾರರು ಸ್ಪ್ಯಾನರ್ ಹಿಡಿದು ಯಂತ್ರದ ಮೇಲೆಯೇ ತಾಳ ಹಾಕಿಬಿಟ್ಟರೆ? ಯುದ್ಧ ಮುಗಿದರೂ ಕಾರ್ಯಕ್ರಮ ಮುಗಿಯಲಿಲ್ಲ, 1967ರವರೆಗೆ ನಡೆಯಿತು. ಕೆಲಸ ಕೆಡುತ್ತಿದ್ದರೆ ಕಾರ್ಖಾನೆಯ ಮಾಲೀಕರು ಇಪ್ಪತ್ತೇಳು ವರ್ಷ ಸುಮ್ಮನಿರುತ್ತಿದ್ದರೇ?

ಈಗ ಪಾಶ್ಚಾತ್ಯ ದೇಶಗಳಲ್ಲಿ ಡ್ರಿಲ್ಲಿಂಗ್ ಯಂತ್ರ ತಯಾರಿಸುವ ಕಂಪನಿಗಳೇ ಕೆಲಸದ ಜಾಗಕ್ಕೆಂದು ರೇಡಿಯೊಗಳನ್ನೂ ತಯಾರಿಸುತ್ತವೆ. ಕೆಳಗೆ ಬಿದ್ದರೂ ಒಡೆಯದಂತೆ ಸುತ್ತ ರಬ್ಬರ್ ಕವಚ, ಧೂಳು ಹೊಗದ ಮೈಕಟ್ಟು, ಡ್ರಿಲ್ಲಿಗೆ ಹಾಕುವ ಬ್ಯಾಟರಿಯನ್ನೇ ಇದಕ್ಕೂ ಹಾಕಬಹುದು. ಸುತ್ತಿಗೆ, ಉಳಿಯ ಸಾಲಿನಲ್ಲಿ ರೇಡಿಯೊ ಕೂಡ ಒಂದು ಸಲಕರಣೆಯೇ ಆಗಿದೆ.

ಇನ್ನೊಂದು ಮಾತು. ಕೆಲಸ ಗುತ್ತಿಗೆಯದಾದರೆ ನಿಧಾನವಾದಷ್ಟೂ ನಷ್ಟ ಅವರಿಗೇ. ದಿನಗೂಲಿಯಾದರೆ ಸಂಜೆ ಗೋಡೆ ಅಳೆದು ನೋಡಿ, ಹಾಡನ್ನು ಅಳೆಯಬೇಡಿ. ಕ್ರಿಕೆಟ್ಟಿನ ಕೊನೆಯ ಓವರಿನಲ್ಲಿ ಕುಂಚ ಗಾಳಿಯಲ್ಲೇ ನಿಲ್ಲುತ್ತದೆ ನಿಜ. ಆದರೆ ಅಷ್ಟು ಹೊತ್ತಿಗೆ ಮನೆಯ ಯಜಮಾನರೂ ಬಾಗಿಲ ಬಳಿ ಬಂದು ‘ಎಷ್ಟು ಬೇಕಂತೆ?’ ಎನ್ನುತ್ತಿರುತ್ತಾರೆ.

ಈಗ ಮಗಳ ಪ್ರಶ್ನೆ. ಇದು ಹಿರಿಯರದಕ್ಕಿಂತ ಗಟ್ಟಿಯಾದದ್ದು, ಆದ್ದರಿಂದ ‘ಓದೋವಾಗ ಹಾಡು ಕೇಳಬಾರದು ಅಂದ್ರೆ ಕೇಳಬಾರದು’ ಎಂಬ ಉತ್ತರ ಸಾಲದು. ನಮ್ಮ ನಾಡಿನಲ್ಲಿ ರೇಡಿಯೊಗೂ ಮನಶ್ಶಾಸ್ತ್ರಕ್ಕೂ ಹಳೆಯ ನೆಂಟಸ್ತನವಿದೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಅಂಟಿಕೊಂಡದ್ದು ಆ ನಿಲಯಕ್ಕೇ. ಮಗಳ ಪ್ರಶ್ನೆಗೆ ಉತ್ತರ ಹುಡುಕಿದವರೂ ಮನಶ್ಶಾಸ್ತ್ರಜ್ಞರೇ, ಆದರೆ ಬೇರೆ ದೇಶಗಳಲ್ಲಿ, ಕೆಲವು ದಶಕಗಳ ಬಳಿಕ.

1976ರಲ್ಲಿ ಅಮೆರಿಕದ ಕೋಲ್ ಮತ್ತು ವೆಲ್ಷ್ ಎಂಬ ಇಬ್ಬರು ಒಂದು ಪ್ರಯೋಗ ಪ್ರಕಟಿಸಿದರು. ಜನರ ಕಣ್ಣಿಗೆ ಅಕ್ಷರಗಳನ್ನು ಒಂದೊಂದಾಗಿ ತೋರಿಸಿ ಅದೇ ಕ್ರಮದಲ್ಲಿ ನೆನಪಿಟ್ಟುಕೊಳ್ಳಲು ಹೇಳುವುದು. ಜೊತೆಗೆ, ಕಿವಿಗೊಡಬೇಡಿ ಎಂದು ತಿಳಿಸಿ, ಜರ್ಮನ್ ಭಾಷೆಯ ಓದನ್ನು ಕೇಳಿಸುವುದು. ಜರ್ಮನ್ ಅವರಿಗೆ ಬಾರದು. ಆದರೂ ನೆನಪು ಕುಗ್ಗಿತು. ಸಲಾಮೆ ಮತ್ತು ಬ್ಯಾಡ್ಲಿ ಎಂಬುವರು 1989ರಲ್ಲಿ ಇದನ್ನೇ ಸಂಗೀತ ಹಾಕಿ ನೋಡಿದರು: ಮಾತಿರುವ ಹಾಡು ಬರೀ ವಾದ್ಯಕ್ಕಿಂತ ಹೆಚ್ಚು ಕೆಡಿಸಿತು. ನೆನಪಿಟ್ಟುಕೊಳ್ಳಬೇಕಾದ್ದನ್ನು ನಾವು ಒಳದನಿಯಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುತ್ತಿರುತ್ತೇವೆ. ಹೊರಗಿನ ಮಾತು ಅಪ್ಪಣೆ ಕೇಳದೆ ಅದೇ ಕೋಣೆಗೆ ನುಗ್ಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ಈ ವಿವರಣೆಯ ಬಗ್ಗೆ ತಕರಾರು ತೆಗೆದವರಿದ್ದಾರೆ. ನೆನಪು ಕೆಡುತ್ತದೆ ಎಂಬುದರ ಬಗ್ಗೆ ಅಷ್ಟಾಗಿ ಇಲ್ಲ. ಆದ್ದರಿಂದ ‘ಇದು ತಮಿಳು ಹಾಡು, ನನಗೆ ಅರ್ಥವಾಗಲ್ಲ, ತೊಂದರೆಯಿಲ್ಲ’ ಎಂಬ ವಾದ ನಿಲ್ಲುವುದಿಲ್ಲ. ‘ಮೆಲ್ಲಗೆ ಇಟ್ಟಿದ್ದೀನಲ್ಲ’ ಎಂಬುದೂ ಅಷ್ಟೆ; ಪಿಸುಮಾತಿನಷ್ಟಕ್ಕೆ ಇಳಿಯದ ಹೊರತು ದನಿ ತಗ್ಗಿಸಿದ್ದರಿಂದ ಹೆಚ್ಚು ವ್ಯತ್ಯಾಸವಾಗದೆಂದು ಮುಂದಿನ ಪ್ರಯೋಗಗಳಲ್ಲಿ ಕಂಡುಬಂತು.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ಮಾಡಿ ನೋಡಿ. ಅಪ್ಪನೋ ಅಮ್ಮನೋ ಮೂವತ್ತು ಚೀಟಿಗಳಲ್ಲಿ ಒಂದೊಂದಕ್ಕೆ ಎಂಟೆಂಟು ಅಂಕಿ ಬರೆದುಕೊಡಲಿ. ಒಂದು ಚೀಟಿಯನ್ನು ಎಂಟು ಸೆಕೆಂಡು ನೋಡಿ, ಮಗುಚಿ, ಹತ್ತು ಸೆಕೆಂಡು ಕಾದು, ಅದೇ ಕ್ರಮದಲ್ಲಿ ಬರೆಯಿರಿ. ಹತ್ತು ಚೀಟಿ ನಿಶ್ಶಬ್ದದಲ್ಲಿ, ಹತ್ತು ನಿಮ್ಮ ಮೆಚ್ಚಿನ ಹಾಡಿನೊಂದಿಗೆ, ಹತ್ತು ಕೊಳಲಿನೊಂದಿಗೆ. ಮೂರನ್ನೂ ಬೆರೆಸಿ ಮಾಡಿ, ಇಲ್ಲವಾದರೆ ಕೊನೆಯದಕ್ಕೆ ಬರುವ ಹೊತ್ತಿಗೆ ಬೇಸರವೇ ಲೆಕ್ಕ ಕೆಡಿಸೀತು. ಚೀಟಿ ಬರೆದುಕೊಟ್ಟವರೂ ಒಮ್ಮೆ ಪರೀಕ್ಷೆಗೆ ಕೂರಲಿ, ಮಕ್ಕಳಿಗೆ ಖುಷಿಯಾಗುತ್ತದೆ.

ಹಾಗೆಂದು ಹಾಡನ್ನು ಪೂರ್ತಿ ಬಿಡಬೇಕಿಲ್ಲ. ನಕ್ಷೆಗೆ ಬಣ್ಣ ತುಂಬುವುದು, ಪುಸ್ತಕಗಳಿಗೆ ರಟ್ಟು ಹಾಕುವುದು, ಬರೆದಾದ ರೆಕಾರ್ಡಿಗೆ ಗೆರೆ ಹೊಡೆಯುವುದು ಇವೆಲ್ಲ ಗೋಡೆ ಉಜ್ಜುವ ಜಾತಿಯ ಕೆಲಸಗಳು. ಇತಿಹಾಸದ ಇಸವಿ, ಸಂಸ್ಕೃತದ ವಿಭಕ್ತಿ ಆ ಜಾತಿಯವಲ್ಲ. ಅನುಭವಸ್ಥ ಬಡಗಿಯನ್ನು ಅರ್ಧ ದಿನ ಗಮನಿಸಿದರೆ ಈ ವ್ಯತ್ಯಾಸ ಕಾಣುತ್ತದೆ. ಹತ್ತರಿ ಹೊಡೆಯುವಾಗ ಹಾಡು ನಡೆದೇ ಇರುತ್ತದೆ. ಬಾಗಿಲಿನ ಅಳತೆ ತೆಗೆದು ಮನಸ್ಸಿನಲ್ಲೇ ಕೂಡಿ ಕಳೆಯುವ ಹೊತ್ತಿಗೆ ಅವರೇ ಕೈ ನೀಡಿ ದನಿ ಆರಿಸುತ್ತಾರೆ. ಯಾರೂ ಅವರಿಗೆ ಹೇಳಿರುವುದಿಲ್ಲ.

ಪಕ್ಕದ ಕೋಣೆಯಲ್ಲಿ ಹಾಡು, ಇಲ್ಲಿ ನಾಳೆಯ ಪರೀಕ್ಷೆ. ಆಗ ಅಪ್ಪನನ್ನು ಕಳಿಸಿ ಗದರಿಸಬೇಡಿ, ನೀವೇ ಹೋಗಿ ಕೇಳಿ: ‘ಅಣ್ಣಾ, ನನಗೆ ನಾಳೆ ಪರೀಕ್ಷೆ. ಹನ್ನೆರಡರವರೆಗೆ ನಿಲ್ಲಿಸ್ತೀರಾ? ಆಮೇಲೆ ಹಾಕ್ಕೊಳ್ಳಿ.’ ಹನ್ನೆರಡು ಎಂದರೆ ಹನ್ನೆರಡೇ. ಆ ಹೊತ್ತಿಗೆ ಹೋಗಿ ‘ನನ್ನದಾಯ್ತು’ ಎಂದು ಹೇಳಿ ಬನ್ನಿ. ಅವರಲ್ಲಿ ಎಷ್ಟೋ ಜನರಿಗೆ ನಿಮ್ಮ ವಯಸ್ಸಿನ ಮಕ್ಕಳಿರುತ್ತಾರೆ. ಯಾವ ವಿಷಯದ ಪರೀಕ್ಷೆ ಎಂದು ಅವರೇ ಕೇಳಿಯಾರು.

ಈಗೀಗ ಇನ್ನೊಂದು ದಾರಿ ಬಂದಿದೆ, ಕಿವಿಯೊಳಗೆ ಇಯರ್‌ಫೋನ್. ಯಾರಿಗೂ ತೊಂದರೆಯಿಲ್ಲ ಎಂದು ಮನೆಯವರಿಗೆ ಸಮಾಧಾನ. ನನಗೆ ಇಲ್ಲ. ಹೊರಗೆ ಕೇಳಿಸುವ ರೇಡಿಯೊ ಕೆಲಸದವರು ಯಾವ ಕೋಣೆಯಲ್ಲಿದ್ದಾರೆಂದು ತಿಳಿಸುತ್ತಿರುತ್ತದೆ. ಮನೆಯಲ್ಲಿ ಒಬ್ಬರೇ ಇರುವ ಗೃಹಿಣಿಗೆ ಅದೂ ಒಂದು ಧೈರ್ಯ. ಕಿವಿ ಮುಚ್ಚಿಕೊಂಡವರಿಗೆ ಏಣಿಯ ಕೆಳಗೆ ಮಗು ಬಂದದ್ದು ಕೇಳಿಸುವುದಿಲ್ಲ. ಎಲೆಕ್ಟ್ರೀಷಿಯನ್ ಮಹಡಿಯ ಮೇಲೆ ತಂತಿ ಹಿಡಿದು ನಿಂತಿರುವಾಗ ಕೆಳಗಿನಿಂದ ‘ಮೇನ್ ಹಾಕ್ಲಾ?’ ಎಂದು ಕೂಗಿದರೆ, ಹಾಡಿಗೆ ತಲೆದೂಗಿದ್ದೇ ಹೂಂ ಎಂದಂತೆ ಕಂಡೀತು. ಮೇನ್ ಸ್ವಿಚ್ಚಿನ ಬಳಿ ನಿಂತವರು ನೀವಾಗಿದ್ದರೆ ಕೂಗಬೇಡಿ. ಮೆಟ್ಟಿಲು ಹತ್ತಿ ಹೋಗಿ, ಅವರು ಇಯರ್‌ಫೋನ್ ತೆಗೆಯುವವರೆಗೆ ಕಾದು, ಕೇಳಿಕೊಂಡು ಬನ್ನಿ.