ಗಾಲಿಯ ಲೆಕ್ಕ ಕಣ್ಣಿಗೆ ಬಿಟ್ಟದ್ದಲ್ಲ

ನಮ್ಮ ಸಾಹಿತ್ಯಕ್ಕೆ ಗಾಲಿ ಬೇಕು, ಆದರೆ ರೂಪಕವಾಗಿ ಮಾತ್ರ. ಕಾಲಚಕ್ರ, ಬಾಳಬಂಡಿ, ಸಂಸಾರರಥ ಎಂದು ಬರೆದು ದಣಿಯದ ನಾವು, ಕಾರಿನ ಗಾಲಿ ಎಷ್ಟು ಅಗಲವಿರಬೇಕೆಂದು ಹುಡುಗನೊಬ್ಬ ಕೇಳಿದರೆ ಮೆಕ್ಯಾನಿಕ್ ಕಡೆಗೆ ಕೈ ತೋರಿಸುತ್ತೇವೆ. ಈ ಉದಾಸೀನಕ್ಕೆ ಬೆಲೆ ತೆರುವವರು ಹೆಮ್ಮರಗಾಲದಂಥ ಊರಿನ ಹುಡುಗರು. ಸೆಕೆಂಡ್ ಹ್ಯಾಂಡ್ ಕಾರನ್ನು ಸ್ಪೋರ್ಟ್ಸ್ ಕಾರು ಮಾಡಹೊರಟವನು ಮೊದಲು ಬದಲಿಸುವುದು ಅಲಾಯ್ ವೀಲು; ಆರಿಸುವುದು ಫೋಟೋ ನೋಡಿ.

ಲೆಕ್ಕ ಕಷ್ಟದ್ದೇನಲ್ಲ. ವೀಲಿನ ಅಗಲದ ನಟ್ಟನಡುವೆ ಒಂದು ಗೆರೆ ಎಳೆದುಕೊಳ್ಳಿ. ಹಬ್‌ಗೆ ಕೂರುವ ಮುಖ ಆ ಗೆರೆಯಿಂದ ಎಷ್ಟು ಮಿಲಿಮೀಟರ್ ದೂರವೋ ಅದೇ ಆಫ್‌ಸೆಟ್. ‘ಇಟಿ’ ಎಂದು ವೀಲಿನ ಮೇಲೆ ನಮೂದಿಸಿರುತ್ತಾರೆ. 6 ಇಂಚಿನ ಇಟಿ 45 ತೆಗೆದು 8 ಇಂಚಿನ ಇಟಿ 35 ಹಾಕಿದಿರಿ ಎನ್ನಿ. ಅಗಲ ಒಳಗೂ ಹೊರಗೂ 25.4 ಮಿ.ಮೀ. ಬೆಳೆಯಿತು, ಇಡೀ ವೀಲು 10 ಮಿ.ಮೀ. ಹೊರಕ್ಕೆ ಸರಿಯಿತು. ಅಂದರೆ ಹೊರಗೆ 35.4, ಒಳಗೆ 15.4. ಒಳಗಿನದು ಸಸ್ಪೆನ್ಷನ್‌ಗೆ ತಾಗಬಹುದು, ಹೊರಗಿನದು ಗುಂಡಿಗಿಳಿದಾಗ ಮಡ್‌ಗಾರ್ಡ್‌ಗೆ ಉಜ್ಜಬಹುದು. ಭಾರ ಹೊರಕ್ಕೆ ಸರಿದಷ್ಟೂ ಬೇರಿಂಗ್ ಬೇಗ ಸವೆಯುತ್ತದೆ.

ಇದು ದುಡ್ಡಿನ ನಷ್ಟ ಮಾತ್ರವಲ್ಲ. ನಂಜನಗೂಡು, ತಿ. ನರಸೀಪುರದ ಕಡೆಯ ಕಿರಿದಾರಿಯಲ್ಲಿ ಕಬ್ಬಿನ ಟ್ರಾಕ್ಟರ್ ಎದುರಾದರೆ ಎಡಗಾಲಿಗಳು ಮಣ್ಣಿಗಿಳಿಯುತ್ತವೆ. ಆಗ ಬ್ರೇಕ್ ಒತ್ತಿದರೆ ಟಾರಿನ ಮೇಲಿರುವ ಬಲಗಾಲಿಗೆ ಹಿಡಿತ ಹೆಚ್ಚು. ಮುಂದಿನ ವೀಲು ಹೊರಕ್ಕೆ ಸರಿದಷ್ಟೂ ಸ್ಟೀರಿಂಗ್ ಬಲಕ್ಕೆ ಎಳೆಯುವುದೂ ಹೆಚ್ಚುತ್ತದೆ. ಬಲಕ್ಕೆ ಎಂದರೆ ಟ್ರಾಕ್ಟರಿನ ಕಡೆಗೆ.

ರೇಸಿನವರು ಅಗಲದ ವೀಲು ಹಾಕುವುದಿಲ್ಲವೇ? ಹಾಕುತ್ತಾರೆ, ಅದಕ್ಕೆ ತಕ್ಕ ಸಸ್ಪೆನ್ಷನ್ನನ್ನೂ ಹೊಂದಿಸಿಕೊಂಡು. ಚಂದ ಬೇಡವೇ? ಖಂಡಿತ ಬೇಕು. ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಣ್ಣ ಬಳಿಯುವವರು ನಾವು. ಆದರೆ ಚಂದ ಕಾಣಲೆಂದು ಗಾಡಿಯ ಗಾಲಿಯನ್ನು ಅಚ್ಚಿನ ತುದಿಗೆ ಸರಿಸಿದ ರೈತ ಉಂಟೇ? ಗುಂಬ, ಅಚ್ಚು, ಕಡಾಣಿ ಎಂಬ ಮಾತುಗಳು ಅವನ ಬಾಯಲ್ಲಿದ್ದವು. ಯಾವುದು ಸಡಿಲಾದರೆ ಏನಾಗುತ್ತದೆಂಬುದೂ ಅವನಿಗೆ ಗೊತ್ತಿತ್ತು. ಅವನ ಮೊಮ್ಮಗನಿಗೆ ಆಫ್‌ಸೆಟ್ ಎಂದರೇನೆಂದು ಕನ್ನಡದಲ್ಲಿ ಹೇಳಿದವರು ಯಾರು?

ಕಂಪನಿ ಕೊಟ್ಟ ಅಗಲ, ಆಫ್‌ಸೆಟ್‌ಗಳ ಹತ್ತಿರದಲ್ಲೇ ಆರಿಸಿ ಎಂದು ಅವನಿಗೆ ಹೇಳೋಣ. ಜೊತೆಗೆ ಯಾಕೆ ಎಂಬುದನ್ನೂ ಹೇಳೋಣ. ಬಾಳಬಂಡಿಯ ಕವಿತೆ ಒಂದು ವಾರ ತಡವಾದರೂ ನಡೆಯುತ್ತದೆ.